ದೀಪ ಹತ್ತದ ತಪ್ಪು

ಪ್ರಕರಣ ಹೊಸಪೇಟೆಯದು. ಮೂರು ಟ್ಯಾಕ್ಸಿ ಇಟ್ಟುಕೊಂಡಿದ್ದ ಮಾಲೀಕರೊಬ್ಬರು, 1,60,000 ಕಿಲೋಮೀಟರ್ ಓಡಿದ್ದ ತಮ್ಮ ಡೀಸೆಲ್ ಕಾರನ್ನು ನಾಲ್ಕು ವರ್ಷ ಅದನ್ನೇ ಓಡಿಸಿದ್ದ ಡ್ರೈವರನಿಗೆ ಮಾರಿದರು. ಬೆಲೆಯಲ್ಲಿ ಮೋಸವಿರಲಿಲ್ಲ. ಪೇಟೆಯ ದರಕ್ಕಿಂತ ಕಡಿಮೆಗೇ ಕೊಟ್ಟರು. ಡ್ರೈವರ್ ಸೊಸೈಟಿಯಲ್ಲಿ ಸಾಲ ತೆಗೆದು, ಹೆಂಡತಿಯ ಬಳೆ ಅಡವಿಟ್ಟು ಕೊಂಡ. ಐದು ತಿಂಗಳಾಗುವಷ್ಟರಲ್ಲಿ ಸಂಡೂರಿನ ಏರು ಹತ್ತುವಾಗ ಕಾರು ಎಳೆಯುವುದನ್ನೇ ಬಿಟ್ಟಿತು. ಮೊದಲು ಸೀಟಿ ಹೊಡೆದಂಥ ಸದ್ದು, ಆಮೇಲೆ ಹಿಂದೆ ನೀಲಿ ಹೊಗೆ. ಟರ್ಬೊ ಹೋಗಿತ್ತು. ಎಂಜಿನ್ ಬಿಚ್ಚಿದಾಗ ಕ್ರ್ಯಾಂಕಿನ ಬೇರಿಂಗ್ ಶೆಲ್‌ಗಳ ಮೇಲೂ ಉದ್ದುದ್ದ ಗೀರುಗಳು ಕಂಡವು. ಬೂದು ಬಣ್ಣದ ಮೇಲ್ಪದರ ಸವೆದು ಅಡಿಯ ತಾಮ್ರ ಕೆಂಪಗೆ ಕಾಣುತ್ತಿತ್ತು. ಕೆಲಸಕ್ಕೆ ಎಂಬತ್ತು ಸಾವಿರ ಆಗುತ್ತದೆಂದು ಮೇಸ್ತ್ರಿ ಲೆಕ್ಕ ಕೊಟ್ಟರು.

ಮಾಲೀಕರೂ ಡ್ರೈವರನೂ ಇಬ್ಬರೂ ನನಗೆ ಬೇಕಾದವರು. ಈ ಎಂಬತ್ತು ಸಾವಿರದಲ್ಲಿ ಯಾರ ಪಾಲು ಎಷ್ಟು, ನೀವೇ ಹೇಳಿ ಎಂದು ಇಬ್ಬರೂ ಬಂದು ಕೂತರು. ಹೇಳುವ ಮುನ್ನ ಕಾರಿನ ಹಿಂದಿನ ನಾಲ್ಕು ವರ್ಷಗಳ ಆರೈಕೆಯನ್ನು ವಿಚಾರಿಸಬೇಕಾಯಿತು.

ಮಾಲೀಕರು ಜಿಪುಣರಲ್ಲ. ಪ್ರತಿ ಸರ್ವೀಸಿಗೂ ಒಳ್ಳೆಯ ಕಂಪನಿಯ ಆಯಿಲನ್ನು ಸೀಲು ಒಡೆಯದ ಕ್ಯಾನಿನಲ್ಲಿ ತರಿಸುತ್ತಿದ್ದರು. ಎಷ್ಟೋ ಸಲ ಎದುರು ನಿಂತು ಹಾಕಿಸುತ್ತಿದ್ದರು. ಫಿಲ್ಟರಿನ ಮಾತು ಬಂದಾಗ ಮಾತ್ರ, "ಯಾವ್ದಾರ ಹಾಕ್ರಿ. ಎಣ್ಣಿ ಛಲೋ ಇದ್ರಾತು, ಡಬ್ಬಿ ಯಾವ್ದಾದ್ರೇನು?" ಎನ್ನುತ್ತಿದ್ದರು. ಅಂಗಡಿಗೆ ಹೋಗುತ್ತಿದ್ದವನು ಇದೇ ಡ್ರೈವರ್. ಕೌಂಟರಿನಲ್ಲಿ ಪ್ರತಿ ಸಲವೂ ಒಂದೇ ಪ್ರಶ್ನೆ: "ಕಂಪ್ನೀದಾ, ಲೋಕಲ್ಲಾ?" ನಡುವಿನ ಅಂತರ ಇನ್ನೂರು ರೂಪಾಯಿ. ಇವನು ಲೋಕಲ್ ತರುತ್ತಿದ್ದ. ಆಗ ಸರ್ವೀಸ್ ಮಾಡುತ್ತಿದ್ದ ಮೇಸ್ತ್ರಿ ಅದನ್ನೇ ಹಾಕುತ್ತಿದ್ದರು.

ರಿಪೇರಿ ಮಾಡಿದವರು ಬೇರೊಂದು ಗ್ಯಾರೇಜಿನ ಹಿರಿಯ ಮೇಸ್ತ್ರಿ. ಕಾರಿನಿಂದ ತೆಗೆದ ಫಿಲ್ಟರನ್ನು ಅವರು ಎಸೆಯದೆ ಇಟ್ಟುಕೊಂಡಿದ್ದರು. ಅದೇ ಮಾಡೆಲಿನ ಬೇರೊಂದು ಕಾರಿನಿಂದ ಅದೇ ವಾರ ತೆಗೆದಿದ್ದ ಕಂಪನಿ ಫಿಲ್ಟರನ್ನೂ ಪಕ್ಕಕ್ಕಿಟ್ಟು, ಎರಡನ್ನೂ ಆಕ್ಸಾ ಬ್ಲೇಡಿನಲ್ಲಿ ಸುತ್ತ ಕೊಯ್ದು ಪೇಪರಿನ ಮೇಲೆ ಹರಡಿದರು. ಹೊರಗಿನಿಂದ ಎರಡೂ ಒಂದೇ ಅಳತೆಯ ತಗಡಿನ ಡಬ್ಬಿಗಳು, ತೂಕ ಮಾತ್ರ ಬೇರೆ. ಒಳಗೆ ನೋಡಿದರೆ, ಕಂಪನಿಯದರಲ್ಲಿ ಕಾಗದದ ಮಡಿಕೆಗಳು ಸಮವಾಗಿ, ಕೊಳೆ ಹಿಡಿದು ಕಪ್ಪಾಗಿದ್ದರೂ ನೆಟ್ಟಗೆ ನಿಂತಿದ್ದವು. ಲೋಕಲಿನದರಲ್ಲಿ ಒಂದು ಕಡೆ ಮಡಿಕೆಗಳು ಅಂಟಿಕೊಂಡು ಮುದ್ದೆಯಾಗಿದ್ದವು, ಇನ್ನೊಂದು ಕಡೆ ಎರಡು ಮಡಿಕೆಗಳ ನಡುವೆ ಬೆರಳಗಲ ಖಾಲಿ. ಕಾಗದದ ತುದಿಯನ್ನು ಹಿಡಿದಿಡಬೇಕಾದ ರಟ್ಟಿನ ಮುಚ್ಚಳದ ಅಂಟು ಬಿಟ್ಟು ಉಗುರು ತೂರುವಷ್ಟು ಸಂದು ಬಿದ್ದಿತ್ತು. ಬಾಯಿಯ ಹತ್ತಿರದ ರಬ್ಬರ್ ಬಿಲ್ಲೆಯನ್ನು ಮೇಸ್ತ್ರಿ ಬಗ್ಗಿಸಿದರು. ಕಂಪನಿಯದು ಬಗ್ಗಿ ಹಿಂದಕ್ಕೆ ಬಂತು, ಲೋಕಲಿನದು ಒಣ ಎಲೆಯ ಹಾಗೆ ಚಟಕ್ಕನೆ ಮುರಿಯಿತು.

ಕಾಗದದ ಮಡಿಕೆಯೊಳಗೆ ಹೊಳೆಯುವ ಲೋಹದ ಪುಡಿ ಇತ್ತು. ಡ್ರೈವರ್ ಅದನ್ನು ತೋರಿಸಿ, "ನೋಡ್ರಿ, ಎಂಜಿನ್ ತಿಂದದ್ದು ಇಲ್ಲೇ ಐತಿ" ಎಂದ. ಮೇಸ್ತ್ರಿ ಒಪ್ಪಲಿಲ್ಲ. ಆಕ್ಸಾ ಬ್ಲೇಡಿನಲ್ಲಿ ಕೊಯ್ದರೆ ಡಬ್ಬಿಯ ತಗಡಿನ ಪುಡಿಯೂ ಒಳಗೆ ಬೀಳುತ್ತದೆ. ಸವೆತ ಹುಡುಕುವವರು ಪುಡಿ ಬೀಳದ ಕಟರಿನಲ್ಲಿ ಕತ್ತರಿಸುತ್ತಾರೆ. ಹೀಗಾಗಿ ಈ ಪುಡಿಯನ್ನು ಸಾಕ್ಷಿ ಎನ್ನಲಾಗದು ಎಂದರು. ತಮಗೆ ಅನುಕೂಲವಾದ ಸಾಕ್ಷಿಯನ್ನೂ ಬದಿಗೆ ಸರಿಸಿದ ಆ ಮಾತಿನಿಂದಲೇ ಅವರ ಉಳಿದ ಮಾತುಗಳ ಮೇಲೆ ನನಗೆ ನಂಬಿಕೆ ಹುಟ್ಟಿತು.

ಫಿಲ್ಟರ್ ಏನು ಮಾಡುತ್ತದೆ ಎನ್ನುವುದು ತಿಳಿಯದೆ ತಪ್ಪಿನ ವಿಚಾರಣೆ ಮುಂದೆ ಹೋಗುವುದಿಲ್ಲ. ಎಂಜಿನ್ನಿನ ತಳದ ಸಂಪಿನಿಂದ ಪಂಪು ಆಯಿಲನ್ನು ಎಳೆದು ಫಿಲ್ಟರಿಗೆ ದೂಡುತ್ತದೆ. ಫಿಲ್ಟರಿನ ಬಾಯಿಯ ಸುತ್ತ ಇರುವ ಸಣ್ಣ ತೂತುಗಳಲ್ಲಿ ಆಯಿಲ್ ಒಳಹೊಕ್ಕು, ಮಡಿಕೆ ಕಾಗದವನ್ನು ಹೊರಗಿನಿಂದ ಒಳಕ್ಕೆ ದಾಟಿ, ನಡುವಿನ ತೂತುಬಿದ್ದ ಕೊಳವೆಗೆ ಬಂದು, ಅಲ್ಲಿಂದ ಬೇರಿಂಗ್, ಕ್ಯಾಮ್, ಟರ್ಬೊಗಳಿಗೆ ಹೋಗುತ್ತದೆ. ಇದನ್ನು ಜರಡಿ ಎಂದುಕೊಂಡರೆ ಅರ್ಧ ಮಾತ್ರ ಸರಿ. ಜರಡಿ ತನ್ನ ಕಣ್ಣಿಗಿಂತ ದೊಡ್ಡದನ್ನಷ್ಟೇ ತಡೆಯುತ್ತದೆ. ಫಿಲ್ಟರಿನ ಕಾಗದ ಸಿಕ್ಕುಸಿಕ್ಕಾದ ನಾರಿನ ಪದರ. ಸಂದಿಗಿಂತ ಸಣ್ಣ ಕಣವೂ ದಾರಿಯಲ್ಲಿ ಯಾವುದೋ ನಾರಿಗೆ ತಗುಲಿ ನಿಂತುಬಿಡುತ್ತದೆ. ಕುದಿಬಿಸಿಯ ಆಯಿಲಿನಲ್ಲಿ ತಿಂಗಳುಗಟ್ಟಲೆ ನೆನೆದರೂ ಮೆತ್ತಗಾಗದಿರಲಿ ಎಂದು ಈ ಕಾಗದಕ್ಕೆ ರಾಳ ಕುಡಿಸಿ, ಕಾಯಿಸಿ ಗಟ್ಟಿ ಮಾಡುತ್ತಾರೆ. ಆ ರಾಳದಲ್ಲಿ ಮಾಡಿದ ಉಳಿತಾಯ ಹೊರಗಿನಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ತಡೆಯಬೇಕಾದ ಕಣದ ಗಾತ್ರ ಎಷ್ಟು? ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಓಡುವ ಎಂಜಿನ್ನಿನ ಬೇರಿಂಗಿನಲ್ಲಿ ಎರಡು ಲೋಹಗಳನ್ನು ಬೇರೆಯಾಗಿಟ್ಟಿರುವ ಆಯಿಲಿನ ಪೊರೆ ಕೆಲವೇ ಮೈಕ್ರಾನ್. ಆ ಪೊರೆಗಿಂತ ತುಸು ದೊಡ್ಡದಾದ, ಕಣ್ಣಿಗೆ ಕಾಣದ ಗಟ್ಟಿ ಕಣವೇ ಗೀರು ಹಾಕುವುದು. ಜನರಲ್ ಮೋಟರ್ಸ್‌ನವರ ಪ್ರಯೋಗವೊಂದರ ವರದಿ 1988ರಲ್ಲಿ ಪ್ರಕಟವಾಯಿತು. 40 ಮೈಕ್ರಾನಿನ ಬದಲು 30 ಮೈಕ್ರಾನಿನ ಕಣವನ್ನು ಹಿಡಿಯುವ ಫಿಲ್ಟರ್ ಹಾಕಿದಾಗ ಸವೆತ ಅರ್ಧಕ್ಕೆ ಇಳಿಯಿತು, 15 ಮೈಕ್ರಾನಿನದನ್ನು ಹಾಕಿದಾಗ ಶೇ. 70ರಷ್ಟು ಇಳಿಯಿತು. ಬೇಗ ಫಲಿತಾಂಶ ಬರಲೆಂದು ಆಯಿಲಿಗೆ ಬೇಕೆಂದೇ ಧೂಳು ಬೆರೆಸಿ ಮಾಡಿದ ಪ್ರಯೋಗ ಅದು, ನಮ್ಮ ರಸ್ತೆಯ ಲೆಕ್ಕ ಹಾಗೇ ಇರಬೇಕೆಂದಿಲ್ಲ. ಆದರೆ ಹೊಸಪೇಟೆ, ಸಂಡೂರು, ತೋರಣಗಲ್ಲಿನ ಅದಿರು ಲಾರಿಗಳ ಹಿಂದೆ ನಾಲ್ಕು ವರ್ಷ ಓಡಿದ ಟ್ಯಾಕ್ಸಿಗೆ ಧೂಳು ಬೆರೆಸಲು ಪ್ರಯೋಗಶಾಲೆ ಬೇಕಿರಲಿಲ್ಲ. ಗಿಡದ ಎಲೆಗಳೇ ಕೆಂಪಾಗಿರುವ ದಾರಿ ಅದು.

ಇನ್ನು ಡಬ್ಬಿಯೊಳಗಿನ ಎರಡು ವಾಲ್ವುಗಳು. ಮೇಸ್ತ್ರಿಯ ಕೈಯಲ್ಲಿ ಮುರಿದ ರಬ್ಬರ್ ಬಿಲ್ಲೆಯೇ ಒಂದು. ಎಂಜಿನ್ ಆಫ್ ಆದ ಮೇಲೆ ಫಿಲ್ಟರಿನ ಆಯಿಲ್ ಕೆಳಕ್ಕೆ ಇಳಿದುಹೋಗದಂತೆ ಅದು ತಡೆಯುತ್ತದೆ. ಅಡ್ಡ ಅಥವಾ ತಲೆಕೆಳಗೆ ಕೂರುವ ಫಿಲ್ಟರುಗಳಿಗೆ ಇದು ಬೇಕೇಬೇಕು. ರಬ್ಬರ್ ಗಟ್ಟಿಯಾದರೆ ರಾತ್ರಿಯಿಡೀ ಆಯಿಲ್ ಸೋರಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಫಿಲ್ಟರ್ ತುಂಬುವವರೆಗೆ ಬೇರಿಂಗುಗಳು ಬರಿಮೈಯಲ್ಲಿ ತಿರುಗುತ್ತವೆ. ಬೆಳಗಿನ ಮೊದಲ ಕ್ಷಣಗಳ ಲೊಟಲೊಟ ಸದ್ದು ಡ್ರೈವರನಿಗೆ ಎರಡು ವರ್ಷದಿಂದ ಕೇಳುತ್ತಿತ್ತು. ಡೀಸೆಲ್ ಗಾಡಿ ಅಂದ್ರೆ ಹಂಗೇ ಅಂದುಕೊಂಡಿದ್ದ. ಸಾಧಾರಣ ನೈಟ್ರೈಲ್ ರಬ್ಬರ್ ಬಿಸಿಗೆ ಬೇಗ ಗಟ್ಟಿಯಾಗುತ್ತದೆ, ಸಿಲಿಕೋನ್ ಹೆಚ್ಚು ದಿನ ಬಾಳುತ್ತದೆ.

ಎರಡನೆಯದು ಬೈಪಾಸ್ ವಾಲ್ವು. ಕೊಳೆ ತುಂಬಿ ಕಾಗದ ಕಟ್ಟಿಕೊಂಡರೆ, ಅಥವಾ ಚಳಿಗೆ ಆಯಿಲ್ ಗಟ್ಟಿಯಾಗಿ ಕಾಗದ ದಾಟಲಾರದಿದ್ದರೆ, ಫಿಲ್ಟರಿನ ಎರಡು ಬದಿಯ ಒತ್ತಡದ ಅಂತರ ಸುಮಾರು ಒಂದು ಬಾರ್‌ನ ಆಸುಪಾಸಿಗೆ ಏರಿದಾಗ ಈ ವಾಲ್ವು ತೆರೆದುಕೊಂಡು ಸೋಸದ ಆಯಿಲನ್ನೇ ಎಂಜಿನ್ನಿಗೆ ಬಿಡುತ್ತದೆ. ಆಯಿಲೇ ಇಲ್ಲದಿದ್ದರೆ ಎಂಜಿನ್ ನಿಮಿಷಗಳಲ್ಲಿ ಸಾಯುತ್ತದೆ. ಕೊಳೆ ಆಯಿಲಿನಲ್ಲಿ ವರ್ಷಗಟ್ಟಲೆ ಸವೆಯುತ್ತದೆ, ಅಷ್ಟೇ. ಎರಡರಲ್ಲಿ ಆರಿಸಬೇಕಾದಾಗ ಎಂಜಿನಿಯರುಗಳು ಸವೆತವನ್ನು ಆರಿಸಿದರು. ಸರಿಯಾದ ಆಯ್ಕೆಯೇ. ಆದರೆ ಅದರ ಫಲವೊಂದಿದೆ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಹತ್ತುವುದು ಒತ್ತಡ ತೀರ ಇಳಿದಾಗ ಮಾತ್ರ. ಬೈಪಾಸ್ ತೆರೆದಾಗ ಒತ್ತಡ ಅಷ್ಟು ಇಳಿಯುವುದಿಲ್ಲ. ಮುಚ್ಚಳದ ಅಂಟು ಬಿಟ್ಟು ಆಯಿಲ್ ಕಾಗದವನ್ನು ದಾಟದೆಯೇ ಸಂದಿನಲ್ಲಿ ನುಸುಳಿದರೂ ಇಳಿಯುವುದಿಲ್ಲ. ಆಯಿಲ್ ಬರುತ್ತಿದೆಯೇ ಎಂದು ಹೇಳುವ ದೀಪ ಕಾರಿನಲ್ಲಿದೆ. ಎಂಥ ಆಯಿಲ್ ಬರುತ್ತಿದೆ ಎಂದು ಹೇಳುವ ದೀಪ ಇಲ್ಲ.

ಈ ಪ್ರಕರಣವನ್ನು ಬರೆಯಲೇಬೇಕು ಎನ್ನಿಸಿದ್ದು ಇದರಿಂದಲೇ. ಬ್ರೇಕ್ ಪ್ಯಾಡು ಕೆಟ್ಟದ್ದಾದರೆ ಮಾರಿದವನು ಸಿಕ್ಕಿಬೀಳುತ್ತಾನೆ, ಏಕೆಂದರೆ ಅದರ ಫಲ ಮರುದಿನವೇ ರಸ್ತೆಯಲ್ಲಿ ಕಾಣುತ್ತದೆ. ಕೆಟ್ಟ ಫಿಲ್ಟರಿನ ಫಲ ಕಾಣುವ ಹೊತ್ತಿಗೆ ಅಂಗಡಿಯ ಬಿಲ್ಲು ಕಳೆದಿರುತ್ತದೆ, ಹಾಕಿದ ಮೇಸ್ತ್ರಿ ಬೇರೆ ಊರಿಗೆ ಹೋಗಿರುತ್ತಾನೆ, ಕಾರು ಇನ್ನೊಬ್ಬನ ಹೆಸರಿಗೆ ವರ್ಗವಾಗಿರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷಯುಕ್ತ ಸರಕಿಗೆ ತಯಾರಕನನ್ನೂ ಮಾರಾಟಗಾರನನ್ನೂ ಹೊಣೆ ಮಾಡಲು ಒಂದು ಇಡೀ ಅಧ್ಯಾಯವೇ ಇದೆ. ಆದರೆ ದೋಷ ತೋರಿಸಲು ಆ ಫಿಲ್ಟರ್ ಬೇಕಲ್ಲ? ಅದು ಪ್ರತಿ ಸರ್ವೀಸಿನಲ್ಲೂ ಗುಜರಿಗೆ ಹೋಗುತ್ತದೆ. ಉಳಿಸಿದವನು ಒಬ್ಬ, ತೆತ್ತವನು ಇನ್ನೊಬ್ಬ. ಇಲ್ಲಿ ತೆತ್ತವನು, ತನ್ನ ಕೈಯಾರೆ ಆ ಡಬ್ಬಿಗಳನ್ನು ಅಂಗಡಿಯಿಂದ ಹೊತ್ತು ತಂದವನೇ.

ಮಾಲೀಕರ ವಾದ ಹಗುರವಾದುದಲ್ಲ. ಕಂಪನಿ ಡಬ್ಬಿ ಅಂದರೆ ಹೆಸರಿಗೆ ದುಡ್ಡು ಎಂದು ಅವರ ನಂಬಿಕೆ, ಅದಕ್ಕೆ ಆಧಾರವೂ ಇದೆ. ಬಿಡಿಭಾಗಗಳು ಹೊರಗಿನ ಪೇಟೆಯಲ್ಲಿ ಸಿಗದಂತೆ ಮಾಡಿ ಗ್ರಾಹಕರನ್ನು ಕಟ್ಟಿಹಾಕಿದ್ದಾರೆಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಗಿಲಾದ ದಂಡ ಹಾಕಿತ್ತು. ಆದೇಶದ ಮೇಲೆ ಮೇಲ್ಮನವಿಗಳು ನಡೆದವು. ಆದರೂ ಅಷ್ಟು ದೊಡ್ಡ ಸಂಸ್ಥೆಯೊಂದು ಹೇಳಿದ್ದನ್ನು ಹೊಸಪೇಟೆಯ ಟ್ಯಾಕ್ಸಿ ಮಾಲೀಕರು ತಮ್ಮ ಅನುಭವದಿಂದಲೇ ಅರಿತಿದ್ದರು. ಅವರು ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಕಾರು ಕಂಪನಿಯ ಡಬ್ಬಿ ದುಬಾರಿ ಎಂದರೆ ಯಾವ ಡಬ್ಬಿಯಾದರೂ ಸಮ ಎಂದಲ್ಲ. ಬಹುಪಾಲು ಕಾರು ಕಂಪನಿಗಳು ಫಿಲ್ಟರನ್ನು ತಾವು ತಯಾರಿಸುವುದೇ ಇಲ್ಲ. ಫಿಲ್ಟರ್ ಕಂಪನಿಗಳಿಂದ ಮಾಡಿಸಿ ತಮ್ಮ ಡಬ್ಬಿಗೆ ಹಾಕುತ್ತವೆ. ಆ ಫಿಲ್ಟರ್ ಕಂಪನಿಗಳೇ ತಮ್ಮ ಹೆಸರಿನಲ್ಲಿ ಹೊರಗೂ ಮಾರುತ್ತವೆ, ಸಾಮಾನ್ಯವಾಗಿ ಕಡಿಮೆ ಬೆಲೆಗೆ. ಆ ಮೂರನೆಯ ದಾರಿಯನ್ನು ಅಂಗಡಿಯವರು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಲೋಕಲ್ ಬೇರೆ, ಡುಪ್ಲಿಕೇಟ್ ಬೇರೆ. ಇನ್ನೊಬ್ಬರ ಹೆಸರು, ಹೊಲೊಗ್ರಾಂ ಕದ್ದು ಮಾರುವುದು ಅಪರಾಧ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಅದಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ ಇದೆ. ನಮ್ಮ ಪ್ರಕರಣದ ಡಬ್ಬಿ ಅಂಥದ್ದಲ್ಲ. ತನ್ನದೇ ಹೆಸರಿನಲ್ಲಿ, ತನ್ನದೇ ಅಗ್ಗದ ಬೆಲೆಗೆ ಮಾರಾಟವಾದದ್ದು. ಯಾರೂ ಸುಳ್ಳು ಹೇಳಲಿಲ್ಲ. ಕಾನೂನಿನ ಕೈಗೆ ಸುಲಭವಾಗಿ ಸಿಗುವ ತಪ್ಪು ಎಲ್ಲೂ ಕಾಣಲಿಲ್ಲ. ಅದಕ್ಕೇ ಇದು ನ್ಯಾಯಾಲಯದ ಮೆಟ್ಟಿಲಿಗೆ ಹೋಗದೆ ನನ್ನ ಜಗುಲಿಗೆ ಬಂದದ್ದು.

ಡಬ್ಬಿಯೊಳಗಿನದು ಕಣ್ಣಿಗೆ ಕಾಣದ ಈ ಸ್ಥಿತಿ ಫಿಲ್ಟರಿನ ಚರಿತ್ರೆಯಲ್ಲೂ ಆಮೇಲೆ ಬಂದು ಸೇರಿದ್ದು. ಮೊದಮೊದಲ ಕಾರುಗಳಿಗೆ ಪಂಪಿನ ಬಾಯಿಗೆ ಒಂದು ತಂತಿ ಜಾಲರಿ ಬಿಟ್ಟರೆ ಫಿಲ್ಟರೇ ಇರಲಿಲ್ಲ. ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಗ್ 1923ರಲ್ಲಿ ಪ್ಯೂರೊಲೇಟರ್ ಎಂಬ ಆಯಿಲ್ ಫಿಲ್ಟರನ್ನು ತಂದರು. ಮರುವರ್ಷದ ಕ್ರೈಸ್ಲರ್ ಕಾರಿನಲ್ಲಿ ಫಿಲ್ಟರ್ ಇತ್ತು. ಆಗ ಆಯಿಲಿನ ಒಂದು ಪಾಲು ಮಾತ್ರ ಫಿಲ್ಟರಿಗೆ ಹೋಗಿ ಸಂಪಿಗೆ ಮರಳುತ್ತಿತ್ತು. ಪೂರ್ತಿ ಆಯಿಲ್ ಸೋಸಿ ಹೋಗುವ ವ್ಯವಸ್ಥೆ ರೂಢಿಗೆ ಬಂದದ್ದು ಆಮೇಲೆ. ಗೂಡಿನ ಮುಚ್ಚಳ ತೆಗೆದು ಒಳಗಿನ ಸೋಸುವ ಭಾಗವನ್ನಷ್ಟೇ ಬದಲಿಸುವ ಪದ್ಧತಿ ಬಹುಕಾಲ ನಡೆಯಿತು. ಕೊಳ್ಳುವವನು ಕೊಂಡದ್ದನ್ನು ಕಣ್ಣಾರೆ ನೋಡುತ್ತಿದ್ದ. 1950ರ ದಶಕದಲ್ಲಿ ತಿರುಗಿಸಿ ಕೂರಿಸುವ ಮುಚ್ಚಿದ ಡಬ್ಬಿ ಬಂದು ಕೆಲಸ ಸಲೀಸಾಯಿತು, ನೋಡುವುದು ನಿಂತಿತು. ಈಗ ಎಷ್ಟೋ ಹೊಸ ಕಾರುಗಳು ಮತ್ತೆ ಒಳಗಿನದನ್ನು ಮಾತ್ರ ಬದಲಿಸುವ ರೀತಿಗೆ ಮರಳಿವೆ. ಅಂಥ ಕಾರು ಇರುವವರು ಪುಣ್ಯವಂತರು, ಹಾಕುವ ಮುನ್ನ ಕೈಯಲ್ಲಿ ಹಿಡಿದು ನೋಡಬಹುದು.

ಹಾಗಾದರೆ ಆರಿಸುವುದು ಹೇಗೆ? ಮೇಸ್ತ್ರಿ ಡ್ರೈವರನಿಗೆ ಹೇಳಿದ ಮೊದಲ ಮಾತು, ತಿರುಪಿನ ಚೂಡಿ ಹೊಂದಿತು ಎಂದರೆ ಫಿಲ್ಟರ್ ಹೊಂದಿತು ಎಂದಲ್ಲ, ಎಂಬುದು. ಒಂದೇ ಅಳತೆಯ ಚೂಡಿ ಹತ್ತಾರು ಕಾರುಗಳಿಗಿದೆ. ಆದರೆ ಒಂದರಲ್ಲಿ ಬೈಪಾಸ್ ವಾಲ್ವು ಫಿಲ್ಟರಿನೊಳಗೆ, ಇನ್ನೊಂದರಲ್ಲಿ ಎಂಜಿನ್ನಿನ ಕಡೆ ಇರುತ್ತದೆ. ತೆರೆಯುವ ಒತ್ತಡವೂ ಬೇರೆ ಬೇರೆ. ವಾಲ್ವಿಲ್ಲದ ಫಿಲ್ಟರನ್ನು ವಾಲ್ವು ಬೇಕಾದ ಕಡೆ ಹಾಕಿದರೆ ಕಾಗದ ಕಟ್ಟಿಕೊಂಡ ದಿನ ಆಯಿಲಿಗೆ ದಾರಿಯೇ ಇರುವುದಿಲ್ಲ. ಆದ್ದರಿಂದ ಗಾಡಿಯ ಪುಸ್ತಕದಲ್ಲಿನ ಪಾರ್ಟ್ ನಂಬರ್ ಹಿಡಿದು, ಅದಕ್ಕೆ ಸರಿಯಾದದ್ದನ್ನು ಫಿಲ್ಟರ್ ಕಂಪನಿಯ ಪಟ್ಟಿಯಲ್ಲಿ ನೋಡಿ ತರಬೇಕು. ಡಬ್ಬಿಯ ಮೇಲೆ ಬರೇ "99%" ಎಂದು ಬರೆದಿದ್ದರೆ ಅದರಿಂದ ಏನೂ ತಿಳಿಯದು. ಎಷ್ಟು ಮೈಕ್ರಾನಿನ ಕಣದಲ್ಲಿ ಶೇ. 99 ಎಂಬುದು ಮುಖ್ಯ, ಐಎಸ್‌ಒ 4548-12 ಎಂಬ ಪರೀಕ್ಷೆಯ ಹೆಸರಿದ್ದರೆ ಇನ್ನೂ ಒಳ್ಳೆಯದು. ಮಡಿಕೆ ಹೆಚ್ಚಿದ್ದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ, ತೀರ ಒತ್ತೊತ್ತಾದರೆ ಆಯಿಲಿಗೆ ಸಂದಿಯೇ ಉಳಿಯುವುದಿಲ್ಲ. ಹಾಕುವಾಗ ಹಳೆಯ ವಾಷರ್ ಎಂಜಿನ್ನಿಗೇ ಅಂಟಿಕೊಂಡಿದೆಯೇ ನೋಡಬೇಕು. ಹೊಸ ವಾಷರಿಗೆ ಬೆರಳಲ್ಲಿ ಆಯಿಲ್ ಸವರಿ, ತಾಗಿದ ಮೇಲೆ ಸುಮಾರು ಮುಕ್ಕಾಲು ಸುತ್ತು ಕೈಯಲ್ಲೇ ಬಿಗಿ ಮಾಡಬೇಕು. ರೆಂಚ್ ಬಿಚ್ಚುವುದಕ್ಕೆ, ಬಿಗಿಯುವುದಕ್ಕಲ್ಲ.

ಎಷ್ಟೇ ಒಳ್ಳೆಯ ಫಿಲ್ಟರಾದರೂ ಆಯಿಲನ್ನು ಹೊಸದು ಮಾಡುವುದಿಲ್ಲ. ಆಯಿಲಿನಲ್ಲಿ ಹುಟ್ಟುವ ಆಮ್ಲ, ಬೆರೆತ ಡೀಸೆಲ್, ಒಂದು ಮೈಕ್ರಾನಿಗಿಂತ ಸಣ್ಣ ಮಸಿ ಅದರ ಕೈಗೆ ಸಿಗುವುದಿಲ್ಲ. ಧೂಳಿನ ದಾರಿಗೆ ಗಾಡಿಯ ಪುಸ್ತಕದಲ್ಲೇ ಬೇಗ ಬದಲಿಸುವ ಬೇರೆ ಲೆಕ್ಕ ಕೊಟ್ಟಿರುತ್ತಾರೆ. ನಮ್ಮ ಮಾಲೀಕರು 10,000 ಕಿಲೋಮೀಟರಿಗೆ ಮಾಡಿಸಬೇಕಾದ ಸರ್ವೀಸನ್ನು ಹಂಪಿಯ ಸೀಸನ್ನಿನಲ್ಲಿ 14,000ದವರೆಗೆ ದೂಡಿದ್ದೂ ಉಂಟು, ಗಾಡಿ ನಿಲ್ಲಿಸಿದರೆ ಬಾಡಿಗೆ ಹೋಗುತ್ತದೆಂದು. ಹೀಗಿರುವಾಗ ಈ ಎಂಜಿನ್ನಿನ ಸಾವನ್ನು ಫಿಲ್ಟರ್ ಒಂದರ ತಲೆಗೇ ಕಟ್ಟಲು ನನ್ನ ಮನಸ್ಸು ಒಪ್ಪಲಿಲ್ಲ. ತಡವಾದ ಸರ್ವೀಸು, ಧೂಳು, ಟರ್ಬೊವಿನ ವಯಸ್ಸು ಎಲ್ಲವೂ ಸೇರಿವೆ. ಅಂಟು ಬಿಟ್ಟ ಆ ಮುಚ್ಚಳ ಅದರಲ್ಲಿ ಒಂದು ಕಾರಣ, ಸಣ್ಣದಲ್ಲದ ಕಾರಣ. ಇಷ್ಟನ್ನು ಮಾತ್ರ ನಿಶ್ಚಯವಾಗಿ ಹೇಳಬಲ್ಲೆ. ತೀರ್ಪು ಕೊಡುವವನಿಗೆ ಇದು ಇಕ್ಕಟ್ಟು. ಕಾರಣ ಹಂಚಿಹೋಗಿದ್ದರೆ ಪ್ರತಿಯೊಬ್ಬನೂ ತನ್ನ ಪಾಲನ್ನು ಎತ್ತಿ ತೋರಿಸಿ, ಇಷ್ಟರಿಂದ ಎಂಜಿನ್ ಹೋದೀತೇ ಎಂದು ಕೇಳಬಲ್ಲ. ಎಲ್ಲರೂ ಹಾಗೆ ಕೇಳಿದರು.

ನಾನು ನೋಡಿದ್ದು ಬೇರೊಂದು ಲೆಕ್ಕ: ಯಾರಿಗೆ ಎಷ್ಟು ಗೊತ್ತಿತ್ತು? ಡ್ರೈವರನಿಗೆ ಡಬ್ಬಿಯೊಳಗೆ ಏನಿದೆ ಎಂದು ಗೊತ್ತಿರಲಿಲ್ಲ, ಹೇಳಿದವರೂ ಇಲ್ಲ. ಕಾರು ತನ್ನದಾದ ಮೇಲಿನ ಐದು ತಿಂಗಳಲ್ಲಿ ಅವನೂ ಅದೇ ಲೋಕಲ್ ಹಾಕಿಸಿದ್ದ ಎನ್ನುವುದನ್ನು ಮರೆಯಲಾಗದು, ಆದರೆ ಅವನು ಕಲಿತದ್ದು ಆ ಪಾಠವನ್ನೇ. ಮಾಲೀಕರಿಗೆ ಪೂರ್ತಿ ಗೊತ್ತಿರಲಿಲ್ಲ. ಆದರೆ ಕೇಳಿದ್ದರೆ ತಿಳಿಯುತ್ತಿತ್ತು. ಆಯಿಲಿನ ವಿಷಯದಲ್ಲಿ ಎದುರು ನಿಂತು ನೋಡಿದವರಿಗೆ ಫಿಲ್ಟರಿನ ವಿಷಯದಲ್ಲಿ ಒಂದು ಪ್ರಶ್ನೆ ಕೇಳುವುದು ಕಷ್ಟವಿರಲಿಲ್ಲ. ಹಳೆಯ ಮೇಸ್ತ್ರಿಗೆ ಗೊತ್ತಿತ್ತು. ಬಿಚ್ಚಿದ ಪ್ರತಿ ಡಬ್ಬಿಯ ತೂಕ ಅವರ ಕೈಗೆ ತಿಳಿದಿತ್ತು. "ಗಿರಾಕಿ ತಂದ್ಕೊಟ್ಟಿದ್ದು ಹಾಕ್ತೀವಿ, ನಮ್ದೇನೈತ್ರಿ ಅದ್ರಾಗ?" ಎಂದರು. ಕೇಳಿದ್ದನ್ನು ಮಾಡುವವನು ಕೂಲಿಯವನು. ತಿಳಿದದ್ದನ್ನು ಹೇಳಿ ಮಾಡುವವನಿಗೇ ನಾವು ಮೇಸ್ತ್ರಿ ಎಂದು ಮರ್ಯಾದೆ ಕೊಡುವುದು. ಹಾಕಬೇಡಿ ಎಂದು ಅವರು ಹಟ ಹಿಡಿಯಬೇಕಿರಲಿಲ್ಲ. ಒಂದು ಸಲ, ಮಾಲೀಕರ ಎದುರು, ಇದು ಸರಿಯಾದ್ದಲ್ಲ ಎಂದಿದ್ದರೆ ಸಾಕಿತ್ತು.

ನಾನು ಸೂಚಿಸಿದ್ದು ಹೀಗೆ: ಎಂಬತ್ತು ಸಾವಿರದಲ್ಲಿ ಅರ್ಧ ಮಾಲೀಕರದು, ಕಂತಿನಲ್ಲಿ ಕೊಟ್ಟರೂ ಸರಿ. ಎಂಜಿನ್ ಇಳಿಸಿ ಏರಿಸುವ ಕೆಲಸಕ್ಕೆ ಹಳೆಯ ಮೇಸ್ತ್ರಿ ತಮ್ಮ ಇಬ್ಬರು ಹುಡುಗರನ್ನು ಕೂಲಿಯಿಲ್ಲದೆ ಕಳಿಸಬೇಕು. ಉಳಿದದ್ದು ಡ್ರೈವರನದು. ಮಾಲೀಕರು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ಉಳಿದ ಎರಡು ಗಾಡಿಗಳ ಪಾರ್ಟ್ ನಂಬರುಗಳನ್ನು ಅಲ್ಲೇ ಚೀಟಿಯಲ್ಲಿ ಬರೆಸಿಕೊಂಡರು. ಮೇಸ್ತ್ರಿ ಗೊಣಗಿಕೊಂಡೇ ಹುಡುಗರನ್ನು ಕಳಿಸಿದರು. ಈಗ ಅವರ ಗ್ಯಾರೇಜಿನಲ್ಲಿ ಹೊಸ ಫಿಲ್ಟರಿನ ಮೇಲೆ ತಾರೀಖು, ಕಿಲೋಮೀಟರು ಬರೆದು ಕೂರಿಸುತ್ತಾರೆ, ತೆಗೆದ ಹಳೆಯದನ್ನು ಗಿರಾಕಿಗೆ ತೋರಿಸುತ್ತಾರೆ. ಅಂಗಡಿಯವರ ಹತ್ತಿರ ನಾನೇ ಹೋಗಿ ಮಾತಾಡಿದೆ. ದುಡ್ಡು ಕೇಳಲಿಲ್ಲ. ಟ್ಯಾಕ್ಸಿಯವರು ಬಂದಾಗ ಎರಡು ದರ ಹೇಳುವ ಬದಲು ಮೂರು ದರ ಹೇಳಿ, ನಡುವಿನದು ಯಾವುದೆಂದು ತೋರಿಸಿ ಎಂದೆ. ಅಷ್ಟು ಪುರುಸೊತ್ತು ಕೌಂಟರಿನಲ್ಲಿ ಇರುವುದಿಲ್ಲ ಎಂದರು. ಆ ಉತ್ತರವನ್ನು ನಾನು ಒಪ್ಪಿಲ್ಲ. ಬರುವ ವಾರ ಮತ್ತೆ ಹೋಗುವವನಿದ್ದೇನೆ, ಈ ಸಲ ಕೊಯ್ದ ಆ ಎರಡು ಡಬ್ಬಿಗಳನ್ನೂ ತೆಗೆದುಕೊಂಡು.